ಎರಡು ಸುಳಿಯ ತಲೆ

ನಮ್ಮ ಬೀದಿಯ ಸೆಲೂನಿನವರಿಗೆ ತಲೆಯಲ್ಲಿ ಒಂದೆಳೆ ಕೂದಲಿಲ್ಲ, ಎಲ್ಲರೂ ಕರೆಯುವುದು ಮಾತ್ರ ಗುಂಗುರಣ್ಣ ಅಂತ. ಹದಿನಾಲ್ಕನೇ ವಯಸ್ಸಿನಿಂದ ನನ್ನ ತಲೆ ಅವರ ಕೈಯಲ್ಲೇ ಇತ್ತು. ತಲೆಯ ಹಿಂಭಾಗದಲ್ಲಿ ನನಗೆ ಎರಡು ಸುಳಿ. ಏನು ಮಾಡಿದರೂ ಅಲ್ಲಿ ಕೂದಲು ಸೆಟೆದು ನಿಲ್ಲುತ್ತದೆ. ಅವರು ಹೆಬ್ಬೆರಳಿನಿಂದ ಅಲ್ಲಿ ಒತ್ತಿ ಹಿಡಿದು ಕತ್ತರಿಸುತ್ತಿದ್ದರು. ಆಗ ಇಬ್ಬರೂ ಮಾತಾಡುತ್ತಿರಲಿಲ್ಲ.

ಆಫೀಸಿನ ಹೊಸ ಗುರುತಿನ ಚೀಟಿಯ ಫೋಟೋದಲ್ಲಿ ನನಗೆ ನಮ್ಮಪ್ಪ ಕಂಡರು. ಅದೇ ಬೈತಲೆ, ಅದೇ ಕಿವಿ. ಗಾಬರಿಯಾಗಿ ಆಫೀಸಿನ ಪಕ್ಕದ ಹೊಸ ಅಂಗಡಿಗೆ ಹೋಗಿ ಕೂತೆ. ಅಲ್ಲಿಯ ಹುಡುಗಿ ಚೆನ್ನಾಗಿಯೇ ಕತ್ತರಿಸಿದಳು, ಅದೇ ಸಂಕಟ. ಕೆಟ್ಟದಾಗಿದ್ದರೆ ವಾಪಸ್ ಬರಬಹುದಿತ್ತು. ಮೂರು ತಿಂಗಳು ಗುಂಗುರಣ್ಣನ ಕಣ್ಣು ತಪ್ಪಿಸಲು ಹಿಂದಿನ ಓಣಿ ಸುತ್ತಿ ಮನೆ ಸೇರುತ್ತಿದ್ದೆ.

ಹೋದ ವಾರ ಮೆಡಿಕಲ್ ಶಾಪಿನಲ್ಲಿ ಸಿಕ್ಕಿಬಿದ್ದೆ. "ಏನಪ್ಪಾ, ಕಾಣೋದೇ ಇಲ್ಲ?" ಎಂದರು, ಅಷ್ಟೇ. ಕೂದಲಿನ ಸುದ್ದಿ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಒದರಿದೆ: "ಅದೂ... ಈಗ ಮನೇಲೇ ಅಣ್ಣ. ನನ್ ಹೆಂಡ್ತಿನೇ ಕತ್ತರಿಸ್ತಾಳೆ."

ಅವರು ನನ್ನನ್ನು ತಿರುಗಿಸಿ ಹಿಂಭಾಗ ನೋಡಿದರು. ಮುಖ ಅರಳಿತು. "ಪರವಾಗಿಲ್ವೇ! ಒಳ್ಳೇ ಕೈ." ಅಂಗಡಿಗೆ ಎಳೆದುಕೊಂಡು ಹೋಗಿ, ತಮ್ಮ ಎರಡನೇ ಕತ್ತರಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ಇದು ನಿನ್ನ ಹೆಂಡ್ತಿಗೆ, ನಮ್ಮ ಹುಡುಗಿಗೆ. ಸುಳಿ ಹತ್ರ ಒತ್ತಿ ಹಿಡೀಬೇಕು, ಹೇಳು." ಅಲ್ಲೇ ನಿಜ ಹೇಳಿಬಿಡಬೇಕಿತ್ತು. ಗಂಟು ಮನೆಗೆ ತಂದು ಬೀರುವಿನಲ್ಲಿ ಬಚ್ಚಿಟ್ಟೆ.

ನಾಲ್ಕೈದು ದಿನದ ಮೇಲೆ ಅದು ಹೆಂಡತಿಯ ಕೈಗೆ ಸಿಕ್ಕಿತು. ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು. "ಹೋಗಿ ನಿಜ ಹೇಳಿ."

"ಆಗಲ್ಲ ಕಣೇ."

"ಹಾಗಾದ್ರೆ ಕೂತ್ಕೊಳ್ಳಿ. ಸುಳ್ಳನ್ನಾದ್ರೂ ನಿಜ ಮಾಡೋಣ."

ಬಚ್ಚಲುಮನೆಯಲ್ಲಿ ಸ್ಟೂಲಿನ ಮೇಲೆ ಕೂತೆ. ಹತ್ತೇ ನಿಮಿಷದಲ್ಲಿ ನನ್ನ ತಲೆ ಇಲಿ ಕಡಿದ ಕಂಬಳಿಯಾಗಿತ್ತು. ಅವಳು ಮೊದಲು ನಕ್ಕಳು, ಆಮೇಲೆ ಹೆದರಿದಳು.

ಆ ತಲೆ ಹೊತ್ತು ಆಫೀಸಿಗೆ ಹೋಗುವಂತಿರಲಿಲ್ಲ. ಹೊಸ ಅಂಗಡಿ ತೆರೆಯುವುದು ಹನ್ನೊಂದಕ್ಕೆ. ಬೆಳಿಗ್ಗೆ ಏಳಕ್ಕೆ ತೆರೆಯುವವರು ಗುಂಗುರಣ್ಣ ಒಬ್ಬರೇ. ಕತ್ತರಿಯ ಗಂಟನ್ನು ಕನ್ನಡಿಯ ಮುಂದಿಟ್ಟು ಟೋಪಿ ತೆಗೆದೆ. ಅವರು ಕೂದಲು ಎತ್ತಿ ಎತ್ತಿ ನೋಡಿದರು.

"ಮೊದಲ್ನೇ ಸಲ ಕತ್ತರಿ ಹಿಡಿದಿರೋ ಕೈ ಇದು," ಎಂದರು. ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಹಾಗಾದ್ರೆ ಮೊನ್ನೆದು?"

"ಬೇರೆ ಕಡೆ ಮಾಡಿಸ್ದೆ ಅಣ್ಣ. ಮೂರು ತಿಂಗಳಿಂದ. ತಪ್ಪಾಯ್ತು."

"ಬೇರೆ ಕಡೆ ಹೋದ್ರೆ ಏನಂತೆ." ಅವರು ಗಂಟು ಬಿಚ್ಚಿ ಅದೇ ಕತ್ತರಿ ತೆಗೆದುಕೊಂಡರು. "ನಮ್ಮ ಹುಡುಗಿ ಎಷ್ಟು ಚೆನ್ನಾಗ್ ಕಲ್ತಿದ್ದಾಳೆ ಅಂತ ವಾರವೆಲ್ಲಾ ಬಂದೋರಿಗೆಲ್ಲ ಹೇಳ್ಕೊಂಡೆನಲ್ಲೋ."

ಕತ್ತರಿಸಲು ಶುರುಮಾಡಿದರು. ಸುಳಿಯ ಹತ್ತಿರ ಬಂದಾಗ ಹೆಬ್ಬೆರಳಿನಿಂದ ಒತ್ತಿ ಹಿಡಿದರು, ಎಂದಿನಷ್ಟೇ ಜೋಪಾನವಾಗಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.