ಬೆನ್ನ ಕಡೆಯ ನಾಳೆ

ಮುದುಕ ಮೆಲ್ಚೋರ್ ಹೆಂಡತಿಯ ಶವಪೆಟ್ಟಿಗೆಯ ಕಡೆ ಮುಖ ಮಾಡಿ, ಸ್ಮಶಾನದ ಗುಡ್ಡಕ್ಕೆ ಬೆನ್ನು ಕೊಟ್ಟು, ಇನ್ನೊಂದು ಹೆಜ್ಜೆ ಹಿಂದಕ್ಕಿಟ್ಟ. ಹಿಮ್ಮಡಿಗೆ ಕಲ್ಲು ತಗಲಿ ತೂರಾಡಿದ. ಪೆಟ್ಟಿಗೆ ಹೊತ್ತವರು ನಿಂತುಬಿಟ್ಟರು.

"ಅಪ್ಪಾ, ತಿರುಗಿ ನಡಿಯಪ್ಪ. ಬಿದ್ದು ಸೊಂಟ ಮುರ್ಕೊಂಡ್ರೆ?" ಬೆಳಗಿನ ಬಸ್ಸಿನಲ್ಲಿ ಲಾ ಪಾಸ್ ನಗರದಿಂದ ಬಂದ ಮಗಳು ಹುಸ್ತಿನಾ ತೋಳು ಹಿಡಿದಳು.

"ತಿರುಗಿದ್ರೆ ನಿಮ್ಮಮ್ಮನಿಗೆ ಬೆನ್ನು ತೋರಿಸ್ದಂಗೆ. ಅವಳ ಜೊತೆ ಬಾಳಿದ್ದೆಲ್ಲ ನನ್ನ ಕಣ್ಣೆದುರಿಗಿದೆ. ಗುಂಡಿ ಮುಟ್ಟೋವರೆಗೂ ಹಿಂಗೇ ಬರೋದು."

"ಜನ ನಗ್ತಾರೆ."

ಜನ ನಕ್ಕರು ನಿಜ, ಆದರೆ ಪಕ್ಕದ ಮನೆಯ ಅಸುಂತಾ ಅಜ್ಜಿಯ ಮಾತಿಗೆ. "ಮದುವೆ ಕುಣಿತದಲ್ಲೂ ಹಿಂಗೇ ಹಿಂದಕ್ಕೆ ಹೋಗಿ ಹೊರೆ ಹೊರೋ ಲಾಮಾ ಪ್ರಾಣಿ ಮೇಲೆ ಬಿದ್ದಿದ್ಯಲ್ಲೋ ಮೆಲ್ಚೋರಾ! ಅದು ಮುಖಕ್ಕೇ ಉಗಿದಿತ್ತು."

"ಒರೆಸಿದವಳು ಇವಳೇ," ಎಂದ ಮೆಲ್ಚೋರ್, ಪೆಟ್ಟಿಗೆಯನ್ನೇ ನೋಡುತ್ತ.

*

ಹುಸ್ತಿನಾ ತೊಟ್ಟಿಲಲ್ಲಿದ್ದ ವರ್ಷ ಆಲಿಕಲ್ಲು ಬಿದ್ದು ಆಲೂಗಡ್ಡೆ ಹೊಲವೆಲ್ಲ ಹಾಳಾಯಿತು. ಮೆಲ್ಚೋರ್ ಬದುವಿನಲ್ಲಿ ಕೂತು ಅತ್ತ. "ನಾಳೆ ಮಗೂಗೆ ಏನು ತಿನ್ನಿಸ್ಲಿ?"

ಹೆಂಡತಿ ಇಲಾರಿಯಾ ಹೆಬ್ಬೆರಳಿನಿಂದ ಹೆಗಲ ಹಿಂದೆ ತೋರಿಸಿದಳು. "ನಾಳೆ ಇರೋದು ಅಲ್ಲಿ, ಬೆನ್ನ ಕಡೆ. ಅಲ್ಲಿ ಯಾರಿಗೂ ಕಣ್ಣಿಲ್ಲ. ಎದುರಿಗೆ ಕಾಣೋದು ನಿನ್ನೆ, ಅದನ್ನ ನೋಡು. ಹಿಂಗೇ ಬೆಳೆ ಹೋದಾಗ ನಿಮ್ಮಪ್ಪ ಏನು ಮಾಡಿದ್ರು?"

"ಒಣಗಿಸಿಟ್ಟ ಆಲೂಗಡ್ಡೆ ತೆಗೆದ್ರು. ಮಾವನ ಊರಿಂದ ಬೀಜ ತಂದ್ರು."

"ಮತ್ತೆ? ಏಳು."

ಎದ್ದ. ಆ ಚಳಿಗಾಲ ಅವರ ಒಲೆ ಆರಲಿಲ್ಲ.

*

"ಆಲಿಕಲ್ಲು ಬಿದ್ದ ವರ್ಷ ಚಳಿಗಾಲದಲ್ಲಿ ನಿಮ್ಮಮ್ಮ ದಿನಾ ನಮ್ಮನೆಗೂ ಒಂದು ಬಟ್ಟಲು ಸಾರು ಕಳಿಸಿದ್ಲು ಕಣೇ," ಎಂದಳು ಅಸುಂತಾ ಹುಸ್ತಿನಾಳಿಗೆ. "ನಿನಗೆ ನೆನಪಿರಲ್ಲ, ಅವನಿಗೆ ಕಾಣ್ತಿದೆ. ತಿರುಗಿಸ್ಬೇಡ."

ಹುಸ್ತಿನಾ ಅಪ್ಪನ ತೋಳು ಬಿಟ್ಟಳು. ಸುತ್ತಿ ಹೋಗಿ ಅವನ ಬೆನ್ನಿಗೆ ತನ್ನ ಬೆನ್ನು ಆನಿಸಿ, ಗುಡ್ಡದ ಕಡೆ ಮುಖ ಮಾಡಿ ನಿಂತಳು.

"ಸ್ವಲ್ಪ ನಿನ್ನ ಬಲಕ್ಕೆ ಬಾ, ಅಪ್ಪಾ. ಹಾಂ, ಈಗ ನೇರ."

"ನಿಮ್ಮಮ್ಮನ ಮಗಳೇ ಸರಿ," ಎಂದು ಮುದುಕ ಎದೆ ಸೆಟೆಸಿದ.

ಅಪ್ಪ ಮಗಳು ಬೆನ್ನಿಗೆ ಬೆನ್ನು ಕೊಟ್ಟು ಏರತೊಡಗಿದರು. ದಾರಿಯುದ್ದಕ್ಕೂ ಗಂಡಸರು ಟೋಪಿ ತೆಗೆದರು. ಅಷ್ಟರಲ್ಲಿ ಎಲ್ಲರಿಗಿಂತ ಮುಂದೆ ಹೋಗಿದ್ದ ಅಸುಂತಾ, ಕೂಸುಗಳನ್ನು ಕಟ್ಟಿಕೊಳ್ಳುವ ಬಣ್ಣದ ಬಟ್ಟೆಯನ್ನು ಮಡಿಲಿಗೆ ಬಿಗಿದು, ಬಗ್ಗಿ ಬಗ್ಗಿ ದಾರಿಯ ಕಲ್ಲುಗಳನ್ನೆಲ್ಲ ಅದಕ್ಕೆ ತುಂಬಿಕೊಳ್ಳುತ್ತಿದ್ದಳು.