ಗಂಟೆಯ ಸವಾಲು

ಅಂಕಲಿಯ ಪಾರಿಸ ಉಪಾಧ್ಯೆಗೆ ಎರಡು ಚಟ. ಒಂದು ಚಹಾ, ಇನ್ನೊಂದು ಕಂಡದ್ದಕ್ಕೆಲ್ಲ ‘ಯಾಕೆ’ ಎಂದು ಕೇಳುವುದು. ಮೊದಲನೆಯದನ್ನು ಬಿಡು ಎಂದು ಡಾಕ್ಟರು ಹೇಳಿದ್ದರು. ಎರಡನೆಯದನ್ನು ಬಿಡಿಸುವ ಡಾಕ್ಟರು ಚಿಕ್ಕೋಡಿ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹೊಟ್ಟೆಪಾಡಿಗೆ ಅವನದೊಂದು ಬಟ್ಟೆ ಅಂಗಡಿ. ಆದರೆ ನಿಪ್ಪಾಣಿಯಿಂದ ಕಾಗವಾಡದವರೆಗೆ ಜನ ಅವನನ್ನು ಗುರುತಿಸುತ್ತಿದ್ದುದು ಅವನ ಗಂಟಲಿನಿಂದ. ಬಸದಿಯಲ್ಲಿ ಅಭಿಷೇಕದ ದಿನ ಮೊದಲ ಕಳಸ ಎರೆಯುವ ಮಾನ ಯಾವ ಮನೆತನಕ್ಕೆ ಎಂಬುದನ್ನು ಸವಾಲಿನಿಂದ, ಅಂದರೆ ಹರಾಜಿನಿಂದ, ತೀರ್ಮಾನಿಸುತ್ತಾರೆ. ಹೆಚ್ಚು ಕೂಗಿದವರಿಗೆ ಮಾನ, ಬಂದ ಹಣ ಬಸದಿಗೆ. ಆ ಸವಾಲು ಹಚ್ಚುವವನು ಪಾರಿಸ. ಅದಕ್ಕೆ ಕಟ್ಟುನಿಟ್ಟಾದ ರೀತಿಗಳಿದ್ದವು. ಯಾರೇ ಕೂಗಲಿ, ಅದನ್ನು ಮೈಕಿನಲ್ಲಿ ತಿರುಗಿ ಹೇಳಬೇಕು. ಕೂಗಿದ ಮಾತನ್ನು ವಾಪಸು ಪಡೆಯುವಂತಿಲ್ಲ. ಮುಗಿಸುವ ಮುಂಚೆ ‘ಯಾರ ಹೆಸರಿಲೆ?’ ಎಂದು ಕೇಳಲೇಬೇಕು. ಸತ್ತ ಅಪ್ಪನ ಹೆಸರೋ, ಹೊಸ ಸೊಸೆಯ ಹೆಸರೋ ಮೈಕಿನಲ್ಲಿ ಬಂದಾಗ ಇಡೀ ಬಸದಿ ಹೊರಳಿ ನೋಡುತ್ತದೆ. ಒಬ್ಬ ಮನುಷ್ಯ ಯಾಕೆ ಏರಿಸುತ್ತಿದ್ದಾನೆ, ಭಕ್ತಿಗೋ ಜಿದ್ದಿಗೋ ಹರಕೆಗೋ ಎಂಬುದನ್ನು ಪಾರಿಸ ಅವನ ಮುಖ ನೋಡಿಯೇ ಹೇಳುತ್ತಿದ್ದ. ಹಾಗೆಂದು ಅವನಿಗೆ ಸ್ವಲ್ಪ ಸೊಕ್ಕೂ ಇತ್ತು.

ಇಂಥವನನ್ನು ಒಂದು ಭಾನುವಾರ ಸುಂದರಾ ತನ್ನ ಆಶ್ರಮಕ್ಕೆ ಕರೆಸಿಕೊಂಡಳು. ಸುಂದರಾ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು. ನೌಕರಿ ಮುಗಿದ ಮೇಲೆ ಅಂಕಲಿಯಿಂದ ರಾಯಬಾಗದ ಕಡೆ ಹೋಗುವ ದಾರಿಯಲ್ಲಿ, ಎಚ್‌ಐವಿ ಇದ್ದು ಅಪ್ಪ ಅವ್ವನನ್ನು ಕಳೆದುಕೊಂಡ ಮಕ್ಕಳನ್ನು ಇಟ್ಟುಕೊಂಡು ಸಾಕುತ್ತಿದ್ದಳು. ಮಕ್ಕಳು ಅವಳನ್ನು ಚಿಕ್ಕವ್ವ ಎಂಬ ಅರ್ಥದಲ್ಲಿ ಮಾವಶಿ ಎನ್ನುತ್ತಿದ್ದರು. ತಗಡಿನ ಪತ್ರಾಸು ಹೊದಿಸಿದ ಒಂದು ಹಾಲ್, ಒಂದು ಅಡಿಗೆ ಮನೆ, ಅಂಗಳದಲ್ಲಿ ಒಂದು ಬೇವಿನ ಮರ. ಅಷ್ಟೇ ಆಸ್ತಿ.

“ಪಾರಿಸಣ್ಣಾ, ಬಾಳೆಹಣ್ಣ ಕೊಡಾವ್ರು ಭಾಳ ಮಂದಿ ಅದಾರ. ಬರ್ತಡೇ ದಿನಾ ಬರ್ತಾರ. ಹುಡುಗೂರ ಫೋಟೋ ತಗೀಬ್ಯಾಡ್ರಿ ಅಂದ್ರ ಮುಂದಿನ ವರ್ಷ ಬರೂದ ಬಿಡ್ತಾರ. ಇಟ್ಟಂಗಿ ಕೊಡಾವ್ರ ಒಬ್ಬರೂ ಇಲ್ಲ,” ಎಂದಳು ಸುಂದರಾ.

ಅವಳಿಗೆ ಬೇಕಾಗಿದ್ದುದು ಗೋಡೆ ಕಟ್ಟುವ ಇಟ್ಟಂಗಿಯೇ. ದೊಡ್ಡ ಹುಡುಗಿಯರೂ ಹುಡುಗರೂ ಒಂದೇ ಹಾಲಿನಲ್ಲಿ ಮಲಗುವಂತಿಲ್ಲ, ಬೇಸಿಗೆಯೊಳಗೆ ಹುಡುಗಿಯರಿಗೆ ಬೇರೆ ಕೋಣೆ ಆಗಬೇಕು, ಇಲ್ಲದಿದ್ದರೆ ಅವರನ್ನು ಬೇರೆ ಜಿಲ್ಲೆಯ ಆಶ್ರಮಕ್ಕೆ ಕಳಿಸುತ್ತೇವೆ ಎಂದು ತಪಾಸಣೆಗೆ ಬಂದವರು ಹೇಳಿ ಹೋಗಿದ್ದರು. ಹೇಳಿದ್ದು ಸರಿಯಾದ ಮಾತೇ, ಅದಕ್ಕೆ ಯಾರನ್ನೂ ಬೈಯುವಂತಿರಲಿಲ್ಲ. ಆದರೆ ಆ ಹುಡುಗಿಯರಲ್ಲಿ ಕಾಜಲ ಒಬ್ಬಳಿದ್ದಳು, ಅವಳ ಆರು ವರ್ಷದ ತಮ್ಮ ನಿತಿನ ಇಲ್ಲೇ ಇದ್ದ. ಅಕ್ಕ ಒಂದು ಜಿಲ್ಲೆಗೆ, ತಮ್ಮ ಒಂದು ಜಿಲ್ಲೆಗೆ ಆಗುವುದಿತ್ತು.

“ಈಗ ಒಂದ ವರ್ಷ ಆತು, ನಿತಿನ ಛಲೋ ತಿದ್ದ್ಯಾನ,” ಎಂದಳು ಸುಂದರಾ. “ಮೊದಲ ಗುಳಿಗಿ ಅಂದ್ರ ಸಾಕು, ಕಾಟಿನ ಕೆಳಗ ಹೊಕ್ಕೊಂಡ ಕುಂದರ್ತಿದ್ದ. ಗುಳಿಗಿ ದಿನಾ ತಪ್ಪಬಾರದಲ್ರಿ, ತಪ್ಪಿದ್ರ ಬ್ಯಾನಿ ಮ್ಯಾಲ ಬರತೈತಿ. ನೀವು ಒಂದ ಸವಾಲ್ ಹಚ್ಚಿ ಕೊಡ್ರಿ, ಪುಣ್ಯಾ ಬರತೈತಿ.”

“ಹಚ್ಚತೇನವ್ವಾ. ಆದ್ರ ಬಸ್ತ್ಯಾಗ ದೇವರ ಅದಾನ, ಕಳಸ ಐತಿ. ಇಲ್ಲಿ ಸವಾಲಿಗೆ ಏನ ಇಡ್ಲಿ?”

“ಅದನ್ನ ನೀವ ಹುಡುಕ್ರಿ.”

ಪಾರಿಸ ಹುಡುಕಲು ಹೊರಟ. ಅಡಿಗೆ ಮನೆಯಲ್ಲಿ ಇಣುಕಿದ. ಗೋಡೆಗೆ ಅಂಟಿಸಿದ್ದ ಮಕ್ಕಳ ಚಿತ್ರಗಳನ್ನು ಕನ್ನಡಕ ಏರಿಸಿ ನೋಡಿದ. ಒಂದರಲ್ಲಿ ಆನೆಗೆ ಐದು ಕಾಲಿದ್ದವು. ಯಾಕೆ ಎಂದು ಕೇಳಿದ್ದಕ್ಕೆ ಒಂದು ಹುಡುಗಿ, “ಅದು ಬಾಲ ರೀ,” ಎಂದು ಬೇಸರದಿಂದ ಹೇಳಿದಳು. ಮಾನ ಎಂದು ಮಾರುವಂಥದ್ದು ಎಲ್ಲೂ ಕಾಣಲಿಲ್ಲ. ಅಷ್ಟರಲ್ಲಿ ಬೇವಿನ ಮರದ ಕೆಳಗೆ ಗದ್ದಲ ಕೇಳಿಸಿತು, ಅದೂ ಅವನಿಗೆ ತೀರ ಪರಿಚಯದ ಗದ್ದಲ.

ಮಕ್ಕಳು ದುಂಡಗೆ ಕೂತು ಸವಾಲು ಹಚ್ಚಿದ್ದರು! ನಡುವೆ ಪ್ರಾಜಕ್ತಾ ಎಂಬ ಹುಡುಗಿ ಸೌಟನ್ನು ಮೈಕಿನಂತೆ ಬಾಯಿಗೆ ಹಿಡಿದು ನಿಂತಿದ್ದಳು. ಅವಳು ಮೊದಲು ಬಸದಿಯ ಹಿಂದಿನ ಓಣಿಯಲ್ಲಿ ಇದ್ದವಳಂತೆ. ಮರಕ್ಕೆ ಕಬ್ಬಿನ ಟ್ರಾಲಿಯಿಂದ ಕಳಚಿದ ಒಂದು ಪಾಟಾ, ಕಬ್ಬಿಣದ ದಪ್ಪ ಪಟ್ಟಿ, ತೂಗುಹಾಕಿತ್ತು. ಮುಂಜಾನೆ, ಸಂಜೆ ಗುಳಿಗೆಯ ಹೊತ್ತಿಗೆ ಬಾರಿಸುವ ಗಂಟೆ ಅದು. ಈ ವಾರ ಅದನ್ನು ಬಾರಿಸುವ ಮಾನ ಯಾರಿಗೆ ಎಂಬುದೇ ಸವಾಲು. ಹಣವಿಲ್ಲದ ಮಕ್ಕಳು ಮರದ ಜೋಕಾಲಿಯಲ್ಲಿ ತಮ್ಮ ಪಾಳಿಯನ್ನೋ ತಮ್ಮ ಪಾಲಿನ ತಿನಿಸನ್ನೋ ಬಿಟ್ಟುಕೊಡುತ್ತೇವೆಂದು ಕೂಗುತ್ತಿದ್ದರು.

“ನಂದು ಎರಡ ದಿನದ ಜೋಕಾಲಿ!” ಎಂದು ಒಬ್ಬ ಕೂಗಿದ.

“ಎರಡ ದಿನದ ಜೋಕಾಲಿ, ಒಂದನೇ ಸಲಾ…” ಎಂದಳು ಪ್ರಾಜಕ್ತಾ, ಥೇಟು ಪಾರಿಸನ ರಾಗದಲ್ಲಿ.

ಆಗ ಕಾಜಲ ಎದ್ದಳು. “ನಂದು ಈ ವಾರದ ಹುಗ್ಗಿ, ಪೂರಾ ವಾರದ ಜೋಕಾಲಿ, ಮ್ಯಾಲ ಎಲ್ಲಾರ ತಾಟ ತೊಳಿತೀನಿ.”

ವಾರಕ್ಕೊಮ್ಮೆ ಸಿಗುವ ಸಿಹಿ ಹುಗ್ಗಿಯನ್ನೇ ಬಿಟ್ಟವಳ ಮುಂದೆ ಉಳಿದವರು ಬಾಯಿ ಮುಚ್ಚಿದರು. ಪಾರಿಸ ಅವಳ ಹತ್ತಿರ ಬಂದ. ಮೂರು ದಿನದ ಜೋಕಾಲಿ ಎಂದಿದ್ದರೆ ಆಗಿಹೋಗುತ್ತಿತ್ತು! ಇಷ್ಟು ಒಮ್ಮೆಲೇ ಏರಿಸುವವರು ಒಂದೋ ದಡ್ಡರು, ಇಲ್ಲವೇ ಹರಕೆ ಹೊತ್ತವರು. ಈ ಹುಡುಗಿಯ ಕಣ್ಣು ನೋಡಿದರೆ ದಡ್ಡತನದ ಸುಳಿವಿರಲಿಲ್ಲ.

“ಇಷ್ಟ್ಯಾಕ ಏರಿಸಿದೆವ್ವಾ?”

“ಸುಮ್ನ ರೀ ಕಾಕಾ.”

“ಸುಮ್ನ ಯಾರರ ಹುಗ್ಗಿ ಬಿಡ್ತಾರೇನ?”

“ನಾ ಬಿಡ್ತೀನ್ರಿ,” ಎಂದು ಅವಳು ತಾಟು ತೊಳೆಯಲು ಓಡಿದಳು.

“ಅಕಿ ಪ್ರತಿ ವಾರ ಹಂಗ ರೀ. ಅಕಿ ಹುಗ್ಗಿ ತಿಂದಿದ್ದ ನಾ ನೋಡೇ ಇಲ್ಲ,” ಎಂದಳು ಪ್ರಾಜಕ್ತಾ.

ಸುಂದರಾಳನ್ನು ಕೇಳಿದರೆ, ಹುಡುಗಿಗೆ ಗಂಟೆಯ ಹುಚ್ಚು ಎಂದಳು. ಪಾರಿಸ ಒಪ್ಪಲಿಲ್ಲ. ಹುಚ್ಚಿಗೆ ಯಾರೂ ವಾರಗಟ್ಟಲೆ ಹುಗ್ಗಿ ಬಿಡುವುದಿಲ್ಲ. ಮುಖ ನೋಡಿ ಮನಸ್ಸು ಹೇಳುವವನಿಗೆ ಒಂದು ಮೊಳದ ಹುಡುಗಿ ಗುಟ್ಟು ಬಿಟ್ಟುಕೊಡಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಒಳಗೊಳಗೇ ಕುದಿದ.

ಮನೆಗೆ ಬಂದವನನ್ನು ಹೆಂಡತಿ ಜಿನಮತಿ ಬಾಗಿಲಲ್ಲೇ ತಡೆದಳು. “ಅಲ್ಲಿ ಚಹಾ ಕುಡದ್ರೇನ?”

ಪಾರಿಸ ಇದಕ್ಕೆ ತಯಾರಾಗಿಯೇ ಬಂದಿದ್ದ. “ಕುಡದೆ, ಎರಡ ಕಪ್ಪ. ನೋಡ, ಆ ಬ್ಯಾನಿ ಒಂದ ಕಪ್ಪಿನ್ಯಾಗ ಕುಡದ್ರ ಬರೂದಿಲ್ಲ, ಮುಟ್ಟಿದ್ರ ಬರೂದಿಲ್ಲ. ನಾ ಡಾಕ್ಟರ್‌ನ ಕೇಳೇ ಹೋಗೇನಿ—”

“ಅದು ನನಗೂ ಗೊತ್ತೈತ್ರಿ. ನಿಮಗ ಸಕ್ರಿ ಬ್ಯಾನಿ ಐತಿ, ಅದು ನಿಮಗ ಗೊತ್ತೈತೇನ?”

ಮಾತು ತೇಲಿಸಲು ಪಾರಿಸ ಗಂಟೆಯ ಸುದ್ದಿ ತೆಗೆದ. ಸವಾಲಿಗೆ ಗಂಟೆಯನ್ನೇ ಇಡುತ್ತೇನೆ, ಅದನ್ನು ಬಾರಿಸುವ ಮಾನವನ್ನು ಊರವರಿಗೆ ಕೊಡುತ್ತೇನೆ ಎಂದ. “ಹುಡುಗೂರನ್ನ ಕೇಳಿದ್ರೇನ?” ಎಂದಳು ಜಿನಮತಿ. ಹೊರಡುವಾಗ ಹೇಳಿದ್ದೆ, ಸುಂದರಾ ಒಪ್ಪಿದ್ದಾಳೆ ಎಂದ ಪಾರಿಸ. ಎಲ್ಲದಕ್ಕೂ ‘ಯಾಕೆ’ ಎನ್ನುವ ಮನುಷ್ಯ ಆ ಹೊತ್ತು ಹೆಂಡತಿಯ ಮಾತಿಗೆ ‘ಯಾಕೆ’ ಎನ್ನಲಿಲ್ಲ.

ಸವಾಲಿನ ದಿನ ಇಳಿಹೊತ್ತಿಗೆ ಅಂಗಳ ತುಂಬಿತು. ಮುಂದಿನ ಕುರ್ಚಿಯಲ್ಲಿ ಉಗಾರ ಖುರ್ದದ ದೊಡ್ಡ ಕಬ್ಬಿನ ಬೆಳೆಗಾರ ಭಾವುಸಾಹೇಬ, ಸ್ವಲ್ಪ ದೂರದಲ್ಲಿ ಬೇಕೆಂದೇ ಬೇರೆ ಕಡೆ ಮುಖ ಮಾಡಿ ಅಲಖನೂರಿನ ಕುರಿ ಸಾಹುಕಾರ ಬಾಳಾಸಾಬ. ಯಾವುದೋ ಮದುವೆಯಲ್ಲಿ ಉಡುಗೊರೆಯ ಆಹೇರಿ ಕೂಗುವಾಗ ಇವರ ಹೆಸರು ಹಿಂದೆಮುಂದೆ ಆದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ಇಬ್ಬರನ್ನೂ ಕರೆದದ್ದು ಪಾರಿಸನೇ. ಅಷ್ಟು ಲೆಕ್ಕಾಚಾರ ಅವನಿಗಿತ್ತು.

ಮೊದಲು ಡೇರಿಯ ಸೆಕ್ರೆಟರಿ ಕೂಗಿದ, ಆಮೇಲೆ ಶಾಲೆಯ ಮಾಸ್ತರರು. ಅವರು ಹಿಂದೆ ಸರಿದ ಮೇಲೆ ನಿಜವಾದ ಆಟ ಸುರುವಾಯಿತು. ಭಾವುಸಾಹೇಬ ಏರಿಸಿದರೆ ಬಾಳಾಸಾಬ ಏರಿಸುತ್ತಿದ್ದ. ಲಕ್ಷ ದಾಟಿತು. ಗೋಡೆ ಏಳುವಷ್ಟಾಯಿತು, ಛತ್ತಿಗೆ ಇನ್ನೂ ಸಾಲದು ಎಂದು ಸುಂದರಾ ಕಣ್ಣಲ್ಲೇ ಸನ್ನೆ ಮಾಡಿದಳು. ಅಷ್ಟರಲ್ಲಿ ಬಾಳಾಸಾಬ ತಣ್ಣಗಾದ. ಪಾರಿಸನಿಗೆ ಗಂಟಲಿನ ಹುರುಪು ತಲೆಗೇರಿತು.

“ಕೇಳ್ರಿ! ಒಂದ ದಿನದ ಮಾತಲ್ಲ ಇದು! ಬಸ್ತ್ಯಾಗಿನಂಗ ಪೂರಾ ಒಂದ ವರ್ಷದ ಮಾನ! ಗೆದ್ದವರ ಮನಿಯವರನ್ನ ಬಿಟ್ಟು ಬ್ಯಾರೆ ಯಾರೂ ಈ ಗಂಟಿ ಮುಟ್ಟಂಗಿಲ್ಲ!”

ಮದ್ದು ತಾಗಿತು. ಬಾಳಾಸಾಬ ಏರಿಸಿದ, ಭಾವುಸಾಹೇಬ ಅದರ ಮೇಲೆ ಏರಿಸಿದ. “ಭಾವುಸಾಹೇಬರದು ಒಂದೂವರಿ ಲಕ್ಷ, ಒಂದನೇ ಸಲಾ… ಎರಡನೇ ಸಲಾ…”

“ನಂದು ಒಂದ ವರ್ಷದ ಹುಗ್ಗಿ!”

ಹಿಂದೆ, ಚಾಪೆಯ ಮೇಲೆ ಕಾಜಲ ಎದ್ದು ನಿಂತಿದ್ದಳು. ಜನ ಗೊಳ್ಳೆಂದು ನಕ್ಕರು. ಸುಂದರಾ ಅವಳನ್ನು ಕೂರಿಸಲು ಧಾವಿಸಿದಳು. ಆದರೆ ಪಾರಿಸನಿಗೆ ನಗು ಬರಲಿಲ್ಲ. ಅವನ ರೀತಿ ಅವನನ್ನು ಕಟ್ಟಿಹಾಕಿತ್ತು. ಯಾರೇ ಕೂಗಲಿ, ತಿರುಗಿ ಹೇಳಬೇಕು.

“ಕಾಜಲಂದು ಒಂದ ವರ್ಷದ ಹುಗ್ಗಿ,” ಎಂದ ಮೈಕಿನಲ್ಲಿ. ನಗು ನಿಂತಿತು. “ಯಾರ ಹೆಸರಿಲೆ ಅವ್ವಾ?”

“ನಮ್ಮ ನಿತಿನನ ಹೆಸರಿಲೆ ರೀ.”

“ಯಾಕ?”

ಇದನ್ನು ಸವಾಲಿನಲ್ಲಿ ಕೇಳುವ ರೀತಿ ಇರಲಿಲ್ಲ. ಹಳೆಯ ಚಟ ತಾನಾಗಿಯೇ ಬಾಯಿಗೆ ಬಂದಿತ್ತು.

“ನಾ ಬಾರಿಸಿದ್ರ ಅಷ್ಟ ಅಂವ ಗುಳಿಗಿ ನುಂಗತಾನ್ರಿ. ಬ್ಯಾರೆಯವರ ಬಾರಿಸಿದ್ರ ಕಾಟಿನ ಕೆಳಗ ಹೋಗಿ ಉಗುಳತಾನ. ನಮ್ಮವ್ವ ಗುಳಿಗಿ ಕೊಡೂಮುಂದ ತಾಟ ಬಾರಿಸ್ತಿದ್ಲು, ಮೂರ ಸಲ ಸಣ್ಣಗ, ಒಮ್ಮೆ ಜೋರ. ಹಂಗ ಬಾರಿಸಾಕ ನನಗೊಬ್ಬಾಕಿಗೆ ಬರತೈತ್ರಿ.” ಅವಳು ಗಂಟೆಯ ಕಡೆ ಕೈ ಮಾಡಿದಳು. “ವರ್ಷಾನಗಟ್ಟಲೆ ಮುಟ್ಟಬ್ಯಾಡ ಅಂದ್ರ ಹೆಂಗ್ರಿ ಕಾಕಾ?”

ಪಾರಿಸನಿಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಅದರ ಜೊತೆ ನಾಚಿಕೆಯೂ ಬಂತು. ಅಕ್ಕತಮ್ಮ ಅಗಲಬಾರದೆಂದು ಸವಾಲು ಹಚ್ಚಿದವನು, ಅವರನ್ನು ಹಿಡಿದಿಟ್ಟಿದ್ದ ದಾರವನ್ನೇ ಮಾರಲು ನಿಂತಿದ್ದ. ಗಂಟೆ ನಿನ್ನದೇ ತಗೋ ಎಂದು ಸವಾಲು ಮುರಿದರೆ ಛತ್ತು ಹೋಯಿತು. ಮುರಿಯದಿದ್ದರೆ ಗಂಟೆ ಹೋಯಿತು. ಇದರ ಮೇಲೆ ಯಾರೂ ಏರಿಸದಿರಲಪ್ಪಾ ಎಂದು ಅವನು ಬೇಡಿಕೊಂಡದ್ದು ಜನ್ಮದಲ್ಲಿ ಅದೇ ಮೊದಲು.

“ಒಂದ ವರ್ಷದ ಹುಗ್ಗಿ. ಮ್ಯಾಲ ಹೋಗಾವ್ರು ಯಾರರ ಅದೀರೇನ್ರಿ?”

ಭಾವುಸಾಹೇಬ ಎದ್ದ. ಟೋಪಿ ತೆಗೆದು ತಲೆ ಕೆರೆದುಕೊಂಡ. “ಅಲ್ಲೋ ಪಾರಿಸಾ, ನಾ ಇಟ್ಟಿದ್ದು ಒಂದ ಹೊಲದ ಕಬ್ಬಿನ ಬಿಲ್ಲು. ಈ ಹುಡುಗಿ ತನ್ನ ಹತ್ರ ಇದ್ದದ್ದೆಲ್ಲಾ ಇಟ್ಟಾಳ. ಇದರ ಮ್ಯಾಲ ಹೋಗೂದು ನನ್ನ ಕಡಿಂದ ಆಗೂದಿಲ್ಲ. ಆದ್ರ ಆಡಿದ ಮಾತ ನಾ ಹೊಳ್ಳಿ ತಗೊಳ್ಳಾಂವಲ್ಲ. ನಂದು ಬರಕೋ.”

ಬಾಳಾಸಾಬ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ. “ಅವನ ಮಾತು ಮಾತು, ನನ್ನ ಮಾತೇನ ಗಾಳ್ಯಾಗ ಹೋತೇನೋ? ನಂದೂ ಬರಕೋ! ಮೊದಲ ನನ್ನ ಹೆಸರ ಬರಿ!”

ಆಮೇಲೆ ಮಾಸ್ತರರಿಗೆ ಕೂತಿರಲು ಆದೀತೇ? ಡೇರಿಯ ಸೆಕ್ರೆಟರಿಯೂ ಎದ್ದ. ಎಲ್ಲ ಸವಾಲುಗಳಲ್ಲಿ ಕೊನೆಗೆ ಕೂಗಿದವನೊಬ್ಬನೇ ಹಣ ಕಟ್ಟುತ್ತಾನೆ. ಅವತ್ತು ಸೋತವರೆಲ್ಲ ಕಟ್ಟಿದರು. ಸುಂದರಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಹಾಲಿನ ಛತ್ತಿನ ಕಡೆ ಬೆರಳು ತೋರಿಸಿ, ಅದಕ್ಕೂ ಆಯಿತು ಎಂದು ತಲೆಯಾಡಿಸಿದಳು.

“ಮೂರನೇ ಸಲಾ! ಗಂಟಿ ಮಾನ ಕಾಜಲಂದು, ನಿತಿನನ ಹೆಸರಿಲೆ!” ಎಂದು ಪಾರಿಸ ಕೂಗಿದ ಕೂಗಿಗೆ ಬೇವಿನ ಮರದ ಕಾಗೆಗಳು ಎದ್ದು ಹೋದವು.

ಗುಳಿಗೆಯ ಹೊತ್ತಾಗಿತ್ತು. ಕಾಜಲ ಗಂಟೆ ಬಾರಿಸಿದಳು, ಮೂರು ಸಲ ಸಣ್ಣಗೆ, ಒಮ್ಮೆ ಜೋರಾಗಿ. ಒಳಗೆ ಮಲಗಿದ್ದ ನಿತಿನ ಕಣ್ಣು ತಿಕ್ಕಿಕೊಳ್ಳುತ್ತ ಬಂದು ಸುಂದರಾಳ ಮುಂದೆ ಬಾಯಿ ತೆರೆದು ನಿಂತ. ಇಷ್ಟು ಜನ ಯಾಕೆ ತನ್ನನ್ನೇ ನೋಡುತ್ತಿದ್ದಾರೆ ಎಂದು ಅವನಿಗೆ ತಿಳಿಯಲಿಲ್ಲ.

ಬೇಸಿಗೆಯೊಳಗೆ ಕೋಣೆ ಆಯಿತು. ತಪಾಸಣೆಯವರು ಬಂದು ನೋಡಿ, ಹುಡುಗಿಯರು ಇಲ್ಲೇ ಇರಲಿ ಎಂದರು. ಕೋಣೆಯ ಪೂಜೆಯ ದಿನ ಜಿನಮತಿ ಕೈಬಿಚ್ಚಿ ತುಪ್ಪ ಸುರಿದು ಹುಗ್ಗಿ ಮಾಡಿದಳು. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸುತ್ತ ಬಂದವಳು ಒಂದು ಕಡೆ ನಿಂತುಬಿಟ್ಟಳು. ಕಾಜಲ ತನ್ನ ತಾಟನ್ನು ಬೋರಲು ಹಾಕಿಕೊಂಡು ಕೂತಿದ್ದಳು.

ಪಾರಿಸ ಓಡಿ ಬಂದ. “ತಿನ್ನವ್ವಾ, ಇವತ್ತೊಂದ ದಿನ ಯಾರೂ ಏನೂ ಅನ್ನೂದಿಲ್ಲ.”

“ಸವಾಲ್ ಆಗೇತ್ರಿ ಕಾಕಾ.”

ಪಾರಿಸನದೇ ರೀತಿ, ಅವನದೇ ಗಂಟಲು. ಪಕ್ಕದಲ್ಲಿ ಕೂತಿದ್ದ ನಿತಿನ ಇಬ್ಬರ ಮುಖವನ್ನೂ ಒಂದು ಸಲ ನೋಡಿದ. ಆಮೇಲೆ ತುಪ್ಪ ತುಳುಕದಂತೆ ತನ್ನ ತಾಟನ್ನು ಮೆಲ್ಲಗೆ ಅಕ್ಕನ ಮುಂದೆ ಸರಿಸಿದ.

“ನಿಂದ ಹುಗ್ಗಿ ಹೋತು. ನಂದನ್ನ ಯಾರೂ ಸವಾಲಿಗೆ ಇಟ್ಟಿಲ್ಲಲ. ಇದನ್ನ ತಿನ್ನು.”

ಕಾಜಲ ತಲೆಯೆತ್ತಿ ಪಾರಿಸನನ್ನು ನೋಡಿದಳು. ಹೀಗೆ ರೀತಿಯೊಳಗೆ ಬರುತ್ತದೆಯೇ ಎಂದು ಅವಳ ಕಣ್ಣು ಕೇಳುತ್ತಿತ್ತು. ಪಾರಿಸ ಗಂಟಲು ಸರಿಮಾಡಿಕೊಂಡ. ಜಿನಮತಿಯ ಸೌಟನ್ನು ಮೈಕಿನಂತೆ ಹಿಡಿದು ಕೂಗಿದ.

“ನಿತಿನಂದು ಒಂದ ತಾಟ ಹುಗ್ಗಿ, ಅಕ್ಕನ ಹೆಸರಿಲೆ! ಒಂದನೇ ಸಲಾ… ಎರಡನೇ ಸಲಾ…”

ಮೂರನೆಯ ಸಲಕ್ಕೆ ಅವಳು ಕಾಯಲಿಲ್ಲ. ಮೊದಲ ತುತ್ತು ಬಾಯೊಳಗಿತ್ತು.