ನೀಲಿಯಾದ ಕುಚ್ಚು

ಕೆಲಸದ ಜಾಗದಲ್ಲಿ ಅಕ್ಕನಿಗೆ ಮಗುಚಮ್ಮ ಎಂದು ಹೆಸರಿಟ್ಟಿದ್ದರು. ಯಾರ ಕಸೂತಿ ಕೈಗೆ ಬಂದರೂ ಮೊದಲು ಮಗುಚಿ ಹಿಂಬದಿ ನೋಡುವುದು ಅವಳ ಚಾಳಿ. ಮುಂದೆ ಹೂವು ಎಷ್ಟೇ ಚಂದ ಅರಳಿರಲಿ, ಹಿಂದೆ ಒಂದು ಗಂಟು ಕಂಡರೆ ಮುಖ ಸಿಂಡರಿಸಿ ಕತ್ತರಿ ಎತ್ತಿಕೊಳ್ಳುತ್ತಿದ್ದಳು. "ಮದುವೆಗೆ ಮುಂಚೆ ಗಂಡನ್ನೂ ಒಂದ್ಸಲ ಮಗುಚಿ ನೋಡ್ಬೇಕಿತ್ತು ಕಣೇ" ಎಂದು ಪಕ್ಕದ ಮೇಜಿನವಳು ಒಮ್ಮೆ ಚುಡಾಯಿಸಿ, ಆಮೇಲೆ ನಾಲಿಗೆ ಕಚ್ಚಿಕೊಂಡಳು. ಅಕ್ಕ ನಕ್ಕು ಮುಂದಿನದನ್ನು ಮಗುಚಿದಳು.

ನಾಲಿಗೆ ಕಚ್ಚಿಕೊಳ್ಳಲು ಕಾರಣವಿತ್ತು. ಹಿಂದೊಮ್ಮೆ ಅಕ್ಕನ ಗಂಡನಿಗೆ ಬಡ್ತಿ ಸಿಕ್ಕ ಖುಷಿಗೆ ಮನೆಗೆ ನಾಲ್ಕು ಜನರನ್ನು ಊಟಕ್ಕೆ ಕರೆದಿದ್ದರು. ಅವನ ತಮ್ಮ ಅಡುಗೆಮನೆಯಲ್ಲಿ ನಿಂತು ಎಲ್ಲರಿಗೂ ಹಣ್ಣಿನ ರಸ ಬೆರೆಸುತ್ತಿದ್ದ. "ಅತ್ತಿಗೆ, ಇದು ನಿಮ್ಮ ತಂಗಿಗೆ" ಎಂದು ಒಂದು ಲೋಟವನ್ನು ಅವಳ ಕೈಗಿಟ್ಟ. ಮೈದುನ ಎಷ್ಟು ಒಳ್ಳೆಯವನು ಎಂದುಕೊಳ್ಳುತ್ತಲೇ ಅಕ್ಕ ಅದನ್ನು ಒಯ್ದು ಕೊಟ್ಟಳು. ತಂಗಿ ಹೊಟ್ಟೆ ತುಂಬಿದೆ ಎಂದಳು. "ನನ್ನಾಣೆ, ಕುಡಿ" ಎಂದು ಅಕ್ಕನೇ ಬಲವಂತ ಮಾಡಿದಳು. ಅದರಲ್ಲಿ ಅವನು ಮತ್ತಿನ ಮದ್ದು ಬೆರೆಸಿದ್ದ. ತಂಗಿಗೆ ಎಚ್ಚರವಾದಾಗ ಅವಳು ಮಹಡಿಯ ಕೋಣೆಯಲ್ಲಿದ್ದಳು, ಮೈಮೇಲೆ ಅವಳ ಬಟ್ಟೆ ಇರಲಿಲ್ಲ. ಆ ಪಾಪಿ ಜೈಲಿಗೆ ಹೋದ. ಜಾಮೀನು ಸಿಕ್ಕಿ ಹೊರಗೂ ಬಂದು ತಲೆ ಎತ್ತಿಕೊಂಡೇ ಓಡಾಡಿದ. "ಅವಳೂ ಸ್ವಲ್ಪ ಹುಷಾರಾಗಿರ್ಬೇಕಿತ್ತು" ಎಂದು ಗಂಡ ಬಾಯಿಬಿಟ್ಟ ದಿನ ಅಕ್ಕ ಉಟ್ಟ ಬಟ್ಟೆಯಲ್ಲೇ ಆ ಮನೆ ಬಿಟ್ಟು ಬಂದಳು.

ಈಗ ಅಕ್ಕ ತಂಗಿಗೆ ಎರಡು ಕೋಣೆಯ ಬಾಡಿಗೆ ಮನೆ. ತಂಗಿ ಬೇರೆಯವರ ಕೈಯಿಂದ ಏನನ್ನೂ ಕುಡಿಯುತ್ತಿರಲಿಲ್ಲ. ತಾನೇ ಲೋಟ ತೊಳೆಯಬೇಕು, ತಾನೇ ನಲ್ಲಿ ತಿರುಗಿಸಬೇಕು. ಅಕ್ಕ ಮಾಡಿಟ್ಟ ಚಹಾ ಮೇಜಿನ ಮೇಲೆ ಆರಿ ಕೆನೆಗಟ್ಟುತ್ತಿತ್ತು. ಆ ದಿನದ ಲೋಟದ ಬಗ್ಗೆ ಇಬ್ಬರೂ ತುಟಿ ಬಿಚ್ಚಿರಲಿಲ್ಲ. ನನಗೂ ಗೊತ್ತಿತ್ತು ಅಂತ ಇವಳು ಅಂದುಕೊಂಡಿದ್ದಾಳಾ? ಈ ಒಂದು ಪ್ರಶ್ನೆ ಅಕ್ಕನನ್ನು ಒಳಗೊಳಗೇ ತಿನ್ನುತ್ತಿತ್ತು. ಕೇಳಲು ಧೈರ್ಯವಿರಲಿಲ್ಲ.

ಅಕ್ಕ ಕೆಲಸಕ್ಕೆ ಸೇರಿದ್ದೂ ಅಂಥ ಲೋಟಗಳಿಂದ ಹೆಣ್ಣುಮಕ್ಕಳನ್ನು ಕಾಯಲು ಹೊರಟ ಜಾಗಕ್ಕೇ. ಅಲ್ಲಿ ಹೆಣ್ಣುಮಕ್ಕಳು ಮುಂಗೈಗೆ ಕಟ್ಟಿಕೊಳ್ಳುವ ಕೈಪಟ್ಟಿ ಹೊಲಿಯುತ್ತಿದ್ದರು. ನೋಡಿದರೆ ಸಾದಾ ಕಸೂತಿ ಪಟ್ಟಿ, ತುದಿಗೊಂದು ಬಿಳಿ ಕುಚ್ಚು. ಆ ಕುಚ್ಚಿನ ದಾರಕ್ಕೆ ಏನೋ ರಾಸಾಯನಿಕ ಹೀರಿಸಿರುತ್ತಿದ್ದರು. ಕುಡಿಯುವುದಕ್ಕೆ ಮುಂಚೆ ಲೋಟದಲ್ಲಿ ಅದ್ದಿದರೆ ಸಾಕು, ಮತ್ತಿನ ಮದ್ದಿದ್ದರೆ ನೀಲಿಯಾಗುತ್ತಿತ್ತು. ಮೊದಮೊದಲು ತಯಾರಾದ ದಾರದಲ್ಲಿ ಒಂದು ಐಬಿತ್ತು: ಹುಳಿ ತಾಗಿದರೂ ನೀಲಿಯಾಗುತ್ತಿತ್ತು. ಅಂಥ ಕೈಪಟ್ಟಿಗಳನ್ನು ಹೊಸಬರಿಗೆ ಹೊಲಿಗೆ ಕಲಿಸಲು ಮಾತ್ರ ಇಟ್ಟುಕೊಂಡು, ಗುರುತಿಗೆ ಹಿಂಬದಿಯಲ್ಲಿ ಒಂದು ಗಂಟು ಹಾಕಿಸಿದ್ದರು ದಾರ ತಯಾರಿಸುವ ಮೇಡಂ.

ಮಗುಚಮ್ಮನ ಕೈ ಕೇಳಬೇಕಲ್ಲ! ಒಂದು ದಿನ ಮನಸ್ಸು ಎಲ್ಲೋ ಇದ್ದಾಗ ಕೈ ತನ್ನ ಪಾಡಿಗೆ ತಾನು ಅಂಥದೊಂದು ಕೈಪಟ್ಟಿಯ ಗಂಟು ಬಿಡಿಸಿ, ದಾರದ ತುದಿಯನ್ನು ನಯವಾಗಿ ಒಳಗೆ ಸೇರಿಸಿಬಿಟ್ಟಿತು. ಆ ಪಟ್ಟಿ ಒಳ್ಳೆಯವುಗಳ ರಾಶಿಗೆ ಸೇರಿಹೋಯಿತು, ಅವಳಿಗೆ ಅದರ ನೆನಪೂ ಉಳಿಯಲಿಲ್ಲ. ಕೆಲ ದಿನಗಳಾದ ಮೇಲೆ ತಂಗಿಗೆ ಒಂದು ಬೇಕಿತ್ತು ಎಂದು ಕೇಳಿದಾಗ ಮೇಡಂ, "ಚೆನ್ನಾಗಿರೋದು ನೋಡಿ ಆರಿಸ್ಕೊಳ್ಳಿ" ಎಂದರು. ಅಕ್ಕ ಒಂದೊಂದನ್ನೂ ಮಗುಚಿ ನೋಡಿದಳು. ಹಿಂಬದಿ ಎಲ್ಲಕ್ಕಿಂತ ನಯವಾಗಿದ್ದದ್ದನ್ನೇ ಎತ್ತಿಕೊಂಡಳು.

ಮೊದಲ ದಿನ ತಂಗಿ ಕುಚ್ಚನ್ನು ಅಕ್ಕ ಕೊಟ್ಟ ಹಾಲಿಗೆ ಅದ್ದಿದಳು. ಅದು ಬೆಳ್ಳಗೇ ಉಳಿಯಿತು. ಹಾಲು ಕುಡಿದು ಲೋಟ ಕೆಳಗಿಟ್ಟಳು. ಅಕ್ಕ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಖುಷಿಗೂ ಅತ್ತಳು, ಸಂಕಟಕ್ಕೂ ಅತ್ತಳು. ಒಡಹುಟ್ಟಿದವಳ ಕೈಯ ಹಾಲನ್ನು ಪರೀಕ್ಷೆಗೆ ಇಡುವ ಗತಿ ಶತ್ರುವಿಗೂ ಬೇಡ. ಆದರೂ ಕುಡಿದಳಲ್ಲ! ಆಮೇಲೆ ನೀರು ಕುಡಿದಳು, ಚಹಾ ಕುಡಿದಳು. ಅಕ್ಕನಿಗೆ ಹೋದ ಜೀವ ಬಂದಂತಾಯಿತು.

ಒಂದು ಮಧ್ಯಾಹ್ನ, ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದ ತಂಗಿ ಬಿಸಿಲಲ್ಲಿ ಬಾಡಿ ಮನೆಗೆ ಬಂದಳು. "ಲೋಟ ಕೊಟ್ಟಿದ್ದು ಯಾರು ಅಂತ ಅವನ ವಕೀಲ ಮತ್ತೆ ಮತ್ತೆ ಕೇಳ್ದ" ಎಂದಳು, ಚಪ್ಪಲಿ ಬಿಡುತ್ತ. "ನಮ್ಮಕ್ಕ ಅಂದೆ. ಎಲ್ಲರ ಮುಂದೆ."

ಮಾತು ಬಾರದಾಗ ಕೈಗೆ ಕೆಲಸ ಕೊಡುವವಳು ಅಕ್ಕ. ನಿಂಬೆಹಣ್ಣು ಹಿಂಡಿ, ಸಕ್ಕರೆ ಕದಡಿ, ಲೋಟ ತಂದು ಮುಂದಿಟ್ಟಳು. ತಂಗಿ ಕುಚ್ಚು ಅದ್ದಿದಳು.

ಕುಚ್ಚು ನೀಲಿಯಾಯಿತು.

ಕುರ್ಚಿ ಹಿಂದಕ್ಕೆ ಬಿತ್ತು. ತಂಗಿ ಗೋಡೆಗೆ ಆತು ನಿಂತಿದ್ದಳು. "ಏನ್ ಹಾಕಿದೀಯ?"

"ಏನೂ ಇಲ್ಲ ಕಣೇ, ನಿಂಬೆಹುಳಿ! ಅದು ಹಳೇ ದಾರ ಇರ್ಬೇಕು, ಹುಳಿಗೂ ನೀಲಿ ಆಗುತ್ತೆ. ಗುರುತಿಗೆ ಗಂಟಿರುತ್ತೆ, ಅದನ್ನ ನಾನೇ ಬಿಡಿಸಿರ್ಬೇಕು..." ಹೇಳುತ್ತ ಹೇಳುತ್ತ ಅವಳ ಮಾತು ಅವಳ ಕಿವಿಗೇ ಸಬೂಬಿನ ಹಾಗೆ ಕೇಳಿಸಿತು.

"ಅವತ್ತು ನಿಂಗೆ ಗೊತ್ತಿತ್ತಾ, ಅಕ್ಕ?"

ಇಷ್ಟು ದಿನ ಹೆದರಿಕೊಂಡಿದ್ದ ಪ್ರಶ್ನೆ ಕೊನೆಗೂ ಬಂದೇಬಿಟ್ಟಿತು. "ಗೊತ್ತಿರ್ಲಿಲ್ಲ" ಎಂದಳು ಅಕ್ಕ. ನಿನ್ನಾಣೆ ಎನ್ನಲು ಹೋಗಿ ತಡೆದುಕೊಂಡಳು. ಆಣೆ ಇಟ್ಟೇ ಅಲ್ಲವೇ ಅಂದು ಕುಡಿಸಿದ್ದು. ಲೋಟ ಎತ್ತಿ ಗಟಗಟನೆ ಪೂರ್ತಿ ಕುಡಿದು, ತಂಗಿಗೆ ಕಾಣುವ ಹಾಗೆ ನೆಲದ ಮೇಲೆ ಕೂತಳು.

ತಂಗಿ ಕಣ್ಣು ಕೀಳದೆ ನೋಡುತ್ತಿದ್ದಳು. ಅಕ್ಕನ ರೆಪ್ಪೆ ಭಾರವಾಗುತ್ತದೆಯೇ, ಮಾತು ತೊದಲುತ್ತದೆಯೇ ಎಂದು ಕಾಯುತ್ತಿದ್ದಳು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿತು. ಅಕ್ಕ ರೆಪ್ಪೆ ಬಡಿಯಲೂ ಹೆದರುತ್ತ ಕೂತೇ ಇದ್ದಳು. ಏನೂ ಆಗಲಿಲ್ಲ.

"ನಿಂಗೆ ಗೊತ್ತಿರ್ಲಿಲ್ಲ ಅಂತ ನಂಗೆ ಯಾವತ್ತೋ ಗೊತ್ತು" ಎಂದಳು ತಂಗಿ ಕೊನೆಗೆ. "ಮನಸ್ಸಿಗೆ ಗೊತ್ತು ಅಕ್ಕ. ಗಂಟಲಿಗೆ ಗೊತ್ತಾಗ್ತಿಲ್ಲ."

ಅವಳು ಗೋಡೆ ಬಿಟ್ಟು ಬಂದು ಕುರ್ಚಿ ಎತ್ತಿ ನಿಲ್ಲಿಸಿದಳು. ಒಳಗೆ ಹೋಗಿ ಎರಡು ಲೋಟ ತೊಳೆದು, ನೀರು ತುಂಬಿಕೊಂಡು ಬಂದು ಒಂದನ್ನು ಅಕ್ಕನಿಗೆ ಕೊಟ್ಟಳು. ಅಕ್ಕನ ಬಾಯಿ ಒಣಗಿತ್ತು. ಒಂದೇ ಉಸಿರಿಗೆ ಕುಡಿದುಬಿಟ್ಟಳು.

"ಅದ್ರಲ್ಲಿ ಏನಿದೆ ಅಂತ ನೋಡ್ಲೇ ಇಲ್ವಲ್ಲ ನೀನು?"

"ನೀನು ಕೊಟ್ಟಿದ್ದಲ್ವಾ" ಎಂದಳು ಅಕ್ಕ.

ತಂಗಿ ಖಾಲಿ ಲೋಟವನ್ನೇ ನೋಡಿದಳು. ಅಂದಿನಿಂದ ಪೊಲೀಸರ ಮುಂದೆ, ಡಾಕ್ಟರ ಮುಂದೆ, ಆ ವಕೀಲನ ಮುಂದೆ ಒಂದು ಹನಿ ಕಣ್ಣೀರು ಹಾಕದಿದ್ದವಳ ಮುಖ ಈಗ ಚಿಕ್ಕ ಮಗುವಿನ ಮುಖದ ಹಾಗೆ ಮುದುಡಿಕೊಂಡಿತು.

"ನಂಗೂ ಮೊದ್ಲು ಹೀಗೇ ಕುಡಿಯೋಕೆ ಬರ್ತಿತ್ತು, ಅಲ್ವಾ ಅಕ್ಕ?"